ಹೈಡ್ರೋಜೆಲ್ ನಿಮ್ಮ ನೀರಿನಲ್ಲಿ ಯಾಕೆ ಉಬ್ಬುತ್ತಿಲ್ಲ? ಉಪ್ಪು, ಸುಣ್ಣ ಮತ್ತು ಪಾಲಿಮರ್ ಸರಪಳಿಯ ಲೆಕ್ಕಾಚಾರ

ಕೊಡಗಿನಲ್ಲಿ ಕಾಫಿ ಸಸಿ ನೆಡುವ ಕಾಲ ಹತ್ತಿರ ಬಂದರೆ, ನೀರು ಹೀರಿ ಹಿಡಿದಿಡಲೆಂದು ಗುಂಡಿಯ ಮಣ್ಣಿಗೆ ಬೆರೆಸುವ ಹೈಡ್ರೋಜೆಲ್ ಹರಳಿನ ಬಗ್ಗೆ ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತದೆ. ‘ಪೊಟ್ಟಣದ ಮೇಲೆ 400 ಪಟ್ಟು ನೀರು ಹೀರುತ್ತದೆ ಅಂತ ಇದೆ, ನಮ್ಮ ಡ್ರಮ್ಮಿನಲ್ಲಿ 100 ಪಟ್ಟೂ ಉಬ್ಬಲಿಲ್ಲ. ಮಾಲು ಡೂಪ್ಲಿಕೇಟಾ?’ ಸೋಮವಾರಪೇಟೆ ಕಡೆಯವರೂ ಕೇಳುತ್ತಾರೆ, ಸಿದ್ದಾಪುರ, ಪಾಲಿಬೆಟ್ಟದ ಕಡೆಯವರೂ ಕೇಳುತ್ತಾರೆ. ಡೂಪ್ಲಿಕೇಟ್ ಮಾಲು ಇಲ್ಲವೆಂದಲ್ಲ. ಆದರೆ ಮಾಲನ್ನು ಬೈಯುವ ಮೊದಲು ಅದನ್ನು ನೆನೆಸಿದ ನೀರಿನಲ್ಲಿ ಏನು ಕರಗಿದೆ ಎಂದು ನೋಡಬೇಕು. ಪೊಟ್ಟಣದ ಅಂಕಿ ಸಾಮಾನ್ಯವಾಗಿ ಭಟ್ಟಿ ಇಳಿಸಿದ ನೀರಿನದು. ನಿಮ್ಮ ಕೊಳವೆಬಾವಿಯ ನೀರು ಅದಲ್ಲ, ಪೊಟ್ಯಾಷ್ ಕದಡಿದ ಡ್ರಮ್ಮಿನ ನೀರಂತೂ ಖಂಡಿತ ಅಲ್ಲ.

ಇದನ್ನು ಮನೆಯಲ್ಲೇ ಆರು ಬಕೆಟ್ ಇಟ್ಟು ಪರೀಕ್ಷಿಸಬಹುದು. ಅದಕ್ಕೂ ಮೊದಲು ಆ ಹರಳಿನೊಳಗೆ ನಡೆಯುವುದು ತಿಳಿದಿರಲಿ. ಇಲ್ಲದಿದ್ದರೆ ಫಲಿತಾಂಶ ಕೈಗೆ ಬಂದರೂ ಅದನ್ನು ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ.

ಹರಳಿನೊಳಗೆ ಏನಿದೆ

ತೋಟಕ್ಕೆ ಮಾರುವ ಹೈಡ್ರೋಜೆಲ್ ಹೆಚ್ಚಾಗಿ ಪೊಟ್ಯಾಸಿಯಂ ಪಾಲಿಅಕ್ರಿಲೇಟ್. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಪೂಸಾ ಹೈಡ್ರೋಜೆಲ್‌ನಲ್ಲಿ ಸೆಲ್ಯುಲೋಸ್ ಕೂಡ ಸೇರಿದೆ, ಆದರೆ ನೀರು ಹಿಡಿಯುವ ಕೆಲಸ ಮಾಡುವುದು ಅದರಲ್ಲೂ ಪಾಲಿಅಕ್ರಿಲೇಟೇ. ಪಾಲಿಮರ್ ಎಂದರೆ ಒಂದೇ ಬಗೆಯ ಸಣ್ಣ ಅಣುಗಳು ಕೊಂಡಿಯಂತೆ ಸೇರಿ ಆದ ಉದ್ದನೆಯ ಸರಪಳಿ. ಈ ಸರಪಳಿಯಲ್ಲಿ ಸುಮಾರು 0.25 ನ್ಯಾನೋಮೀಟರ್‌ಗೊಂದರಂತೆ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಕಾರ್ಬಾಕ್ಸಿಲ್ ಗುಂಪುಗಳಿವೆ (ಇಂಗಾಲ, ಆಮ್ಲಜನಕ ಸೇರಿದ ಪುಟ್ಟ ಕವಲುಗಳು). ನೀರಿಗೆ ಬಿದ್ದೊಡನೆ ಅವುಗಳಲ್ಲಿ ಹೆಚ್ಚಿನವು ತಮ್ಮ ಪೊಟ್ಯಾಸಿಯಂ ಅನ್ನು ಬಿಟ್ಟುಕೊಟ್ಟು ಋಣ ವಿದ್ಯುದಾವೇಶ, ಅಂದರೆ ಮೈನಸ್ ಚಾರ್ಜ್, ಹೊತ್ತು ನಿಲ್ಲುತ್ತವೆ. ಬಿಡುಗಡೆಯಾದ ಪೊಟ್ಯಾಸಿಯಂ ಅಯಾನುಗಳಿಗೆ ಪ್ರತಿ-ಅಯಾನು ಎನ್ನುತ್ತಾರೆ. ಅಯಾನು ಎಂದರೆ ಚಾರ್ಜ್ ಇರುವ ಕಣ.

ಒಂದು ಹಗ್ಗದುದ್ದಕ್ಕೂ ಒಬ್ಬರಿಗೊಬ್ಬರು ಆಗದ ದಾಯಾದಿಗಳನ್ನು ಸಾಲಾಗಿ ಕಟ್ಟಿದರೆ ಹೇಗೆ? ಎಲ್ಲರೂ ದೂರ ಸರಿಯಲು ಎಳೆದಾಡಿ ಹಗ್ಗ ನೆಟ್ಟಗಾಗುತ್ತದೆ. ಶುದ್ಧ ನೀರಿನಲ್ಲಿ ಈ ಸರಪಳಿಯ ಸ್ಥಿತಿಯೂ ಅದೇ: ಮೈನಸ್ ಮೈನಸ್ಸನ್ನು ತಳ್ಳಿ ಸರಪಳಿ ಚಾಚಿಕೊಳ್ಳುತ್ತದೆ. ನೀರಿಗೆ ಅಡುಗೆ ಉಪ್ಪು ಹಾಕಿದಿರೋ, ಸೋಡಿಯಂ ಅಯಾನುಗಳು ಬಂದು ಮೈನಸ್ಸುಗಳ ಸುತ್ತ ಮುತ್ತಿಕೊಳ್ಳುತ್ತವೆ. ಒಂದು ಚಾರ್ಜಿನ ಪ್ರಭಾವ ಇನ್ನೊಂದಕ್ಕೆ ತಲುಪುವ ದೂರ ಕಿರಿದಾಗುತ್ತದೆ. ಎಳೆತ ಸಡಿಲವಾಗಿ ಸರಪಳಿ ಮುದುಡಿ ಉಂಡೆಯಾಗುತ್ತದೆ.

ಆ ದೂರಕ್ಕೆ ಡಿಬೈ ಉದ್ದ ಎಂದು ಹೆಸರು. ಪೀಟರ್ ಡಿಬೈ ಮತ್ತು ಎರಿಕ್ ಹ್ಯೂಕೆಲ್ 1923ರಲ್ಲಿ ಇದರ ಸೂತ್ರ ಕೊಟ್ಟರು. ಅಡುಗೆ ಉಪ್ಪಿನಂಥ ಸರಳ ಲವಣಕ್ಕೆ ಲೆಕ್ಕ ಸುಲಭ: ಲೀಟರಿಗೆ ಎಷ್ಟು ಮೋಲ್ ಉಪ್ಪಿದೆಯೋ ಅದರ ವರ್ಗಮೂಲದಿಂದ 0.304ನ್ನು ಭಾಗಿಸಿದರೆ ಉತ್ತರ ನ್ಯಾನೋಮೀಟರಿನಲ್ಲಿ ಸಿಗುತ್ತದೆ. (ಅಡುಗೆ ಉಪ್ಪಿನ ಒಂದು ಮೋಲ್ ಅಂದರೆ 58.4 ಗ್ರಾಂ. ಅದರ ಸಾವಿರದಲ್ಲೊಂದು ಪಾಲು ಮಿಲಿಮೋಲ್.) ಲೀಟರಿಗೆ 0.58 ಗ್ರಾಂ ಉಪ್ಪಿದ್ದರೆ ಡಿಬೈ ಉದ್ದ 3 ನ್ಯಾನೋಮೀಟರ್. 5.8 ಗ್ರಾಂ ಇದ್ದರೆ ಸುಮಾರು 1. ಶುದ್ಧ ಮಳೆ ನೀರಿನಲ್ಲಿ ಅದು ಹತ್ತು ನ್ಯಾನೋಮೀಟರನ್ನೂ ಮೀರುತ್ತದೆ. ಉಪ್ಪು ಹತ್ತು ಪಟ್ಟು ಹೆಚ್ಚಿದರೆ ದೂರ ಹತ್ತು ಪಟ್ಟು ಇಳಿಯುವುದಿಲ್ಲ, ಮೂರು ಪಟ್ಟು ಚಿಲ್ಲರೆ ಮಾತ್ರ. ಹಾಗಾಗಿ ಹೆಚ್ಚಿನ ಹಾನಿಯನ್ನು ಮೊದಲ ಚಿಟಿಕೆ ಉಪ್ಪೇ ಮಾಡಿಬಿಟ್ಟಿರುತ್ತದೆ.

ಇಲ್ಲಿ ಒಂದು ತಿದ್ದುಪಡಿ ಬೇಕು. ‘ಮೈನಸ್ಸುಗಳು ತಳ್ಳುವುದರಿಂದ ಜೆಲ್ ಉಬ್ಬುತ್ತದೆ’ ಎಂಬ ವಿವರಣೆ ಬಿಡಿ ಸರಪಳಿಗೆ ಸರಿ, ಜೆಲ್ಲಿಗೆ ಅರ್ಧ ಮಾತ್ರ ಸರಿ. ಜೆಲ್‌ನಲ್ಲಿ ಸರಪಳಿಗಳು ಅಲ್ಲಲ್ಲಿ ಒಂದಕ್ಕೊಂದು ಗಂಟು ಬಿದ್ದಿವೆ, ಅದರಿಂದಲೇ ಅದು ನೀರಿನಲ್ಲಿ ಕರಗಿಹೋಗುವುದಿಲ್ಲ. ಪ್ರತಿ-ಅಯಾನುಗಳು ಸರಪಳಿಯ ಮೈನಸ್ಸನ್ನು ಬಿಟ್ಟು ಜೆಲ್‌ನಿಂದ ಹೊರಗೆ ಓಡುವಂತಿಲ್ಲ. ಒಳಗೆ ಅಯಾನು ಹೆಚ್ಚು, ಹೊರಗೆ ಕಡಿಮೆ. ಆ ವ್ಯತ್ಯಾಸವನ್ನು ಸರಿದೂಗಿಸಲು ನೀರು ಒಳಗೆ ನುಗ್ಗುತ್ತದೆ. ಇದು ಆಸ್ಮಾಸಿಸ್ ಒತ್ತಡ, ಉಬ್ಬಿಸುವ ಮುಖ್ಯ ಬಲ ಇದೇ. ಲೆಕ್ಕ ಹಾಕಿ: ಒಂದು ಗ್ರಾಂ ಒಣ ಜೆಲ್‌ನಲ್ಲಿ ಸುಮಾರು 7–8 ಮಿಲಿಮೋಲ್ ಚಾರ್ಜ್ ಇರುತ್ತದೆ. ಅದು 300 ಪಟ್ಟು ಉಬ್ಬಿದಾಗ ಒಳಗಿನ ಅಯಾನು ಲೀಟರಿಗೆ 25 ಮಿಲಿಮೋಲ್‌ನಷ್ಟು. ಹೊರಗಿನ ನೀರಿನಲ್ಲೂ ಅಷ್ಟೇ ಉಪ್ಪಿದ್ದರೆ, ಅಂದರೆ ಲೀಟರಿಗೆ ಬರೀ ಒಂದೂವರೆ ಗ್ರಾಂ ಇದ್ದರೆ, ಉಬ್ಬಿಸುವ ಬಲ ಬಹುಪಾಲು ಸತ್ತಂತೆ.

ಕ್ಯಾಲ್ಸಿಯಂ ವಿಚಾರವೇ ಬೇರೆ. ಅದಕ್ಕೆ ಎರಡು ಪ್ಲಸ್. ಒಂದು ಕ್ಯಾಲ್ಸಿಯಂ ಅಯಾನು ಎರಡು ಮೈನಸ್ಸನ್ನು ಹಿಡಿಯುತ್ತದೆ, ಅವು ಬೇರೆ ಬೇರೆ ಸರಪಳಿಯವಾದರೆ ಎರಡನ್ನೂ ಸೇರಿಸಿ ಹೊಲಿದುಬಿಡುತ್ತದೆ. ಸೋಡಿಯಂ ಬರೀ ಸುತ್ತ ನೆರೆಯುತ್ತದೆ, ಕ್ಯಾಲ್ಸಿಯಂ ಕಚ್ಚಿಕೊಳ್ಳುತ್ತದೆ. ಇದರಿಂದ ಎರಡು ನಿಯಮ ಹುಟ್ಟುತ್ತವೆ, ಇವಷ್ಟು ನೆನಪಿದ್ದರೆ ಸಾಕು. ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ ಲವಣಗಳ ಹಾನಿ ಅವುಗಳ *ಸಾಂದ್ರತೆ*ಗೆ ತಕ್ಕಷ್ಟು. ನೀರಿನಲ್ಲಿ ಉಪ್ಪು ಕಡಿಮೆಯಾದರೆ ಜೆಲ್ ಮತ್ತೆ ಉಬ್ಬುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ತಾಮ್ರದ ಹಾನಿ ಜೆಲ್‌ಗೆ ತಲುಪಿದ *ಒಟ್ಟು ಮೊತ್ತ*ಕ್ಕೆ ತಕ್ಕಷ್ಟು. ಆಮೇಲೆ ಎಷ್ಟು ಮಳೆ ಬಂದರೂ ಬಹುಪಾಲು ವಾಪಸು ಬರುವುದಿಲ್ಲ.

ಬೇಕಾಗುವ ಸಾಮಾನು

0.01 ಗ್ರಾಂವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ (ಚಿನ್ನ ತೂಗುವ ಬಗೆಯದು), ಅಡುಗೆಮನೆಯ 5 ಕಿಲೋ ತಕ್ಕಡಿ, ಆರು ಪ್ಲಾಸ್ಟಿಕ್ ಬಕೆಟ್, ತೆಳು ಹತ್ತಿ ಬಟ್ಟೆ (ಹಳೆ ಪಂಚೆ ಆದೀತು), ಪೆನ್ನಿನಾಕಾರದ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣದ ಅಂದಾಜು ಕೊಡುವಂಥದ್ದು), ಸುಮಾರು 25 ಲೀಟರ್ ಮಳೆ ನೀರು (ಹಂತ 4ಕ್ಕೂ ಸೇರಿ), ಪ್ಯಾಕೆಟ್ ಪುಡಿ ಉಪ್ಪು, ಯೂರಿಯಾ, ಕ್ಯಾಲ್ಸಿಯಂ ನೈಟ್ರೇಟ್ ಗೊಬ್ಬರ. ಜೆಲ್ 6 ಗ್ರಾಂ.

ಕಲ್ಲುಪ್ಪು ಬೇಡ. ಅದರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಬೆರಕೆ ಇರುತ್ತದೆ, ಫಲಿತಾಂಶ ಕಲಸುಮೇಲೋಗರವಾಗುತ್ತದೆ. ಮಳೆ ನೀರನ್ನು ಹೆಂಚಿನ ಅಥವಾ ತಗಡಿನ ಮಾಡಿನಿಂದ, ಮೊದಲ ಹತ್ತು ಹದಿನೈದು ನಿಮಿಷದ ನೀರು ಹರಿದುಹೋದ ಮೇಲೆ, ನೇರ ಪ್ಲಾಸ್ಟಿಕ್ ಡ್ರಮ್ಮಿಗೆ ಹಿಡಿಯಿರಿ. ಹೊಸ ಸಿಮೆಂಟ್ ತೊಟ್ಟಿಯಲ್ಲಿ ನಿಂತ ಮಳೆ ನೀರು ಮಳೆ ನೀರಲ್ಲ, ಸಿಮೆಂಟು ಅದಕ್ಕೆ ಸುಣ್ಣ ಬಿಡುತ್ತಲೇ ಇರುತ್ತದೆ.

ಹಂತ 1: ಆರು ಬಕೆಟ್ ತಯಾರಿ

ಪ್ರತಿ ಬಕೆಟ್ಟಿಗೆ 2 ಲೀಟರ್ ನೀರು. ಮೇಲೆ ಚೀಟಿ ಅಂಟಿಸಿ.

1. ಮಳೆ ನೀರು ಮಾತ್ರ.
2. ನೀವು ತೋಟಕ್ಕೆ ಬಳಸುವ ನೀರು (ಕೆರೆ, ತೋಡು, ಕೊಳವೆಬಾವಿ, ಯಾವುದೋ ಅದು).
3. ಮಳೆ ನೀರು + 1.2 ಗ್ರಾಂ ಉಪ್ಪು.
4. ಮಳೆ ನೀರು + 12 ಗ್ರಾಂ ಉಪ್ಪು.
5. ಮಳೆ ನೀರು + 2 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್.
6. ಮಳೆ ನೀರು + 12 ಗ್ರಾಂ ಯೂರಿಯಾ.

ಎಲ್ಲವೂ ಪೂರ್ತಿ ಕರಗಿದ ಮೇಲೆ ಟಿಡಿಎಸ್ ಮೀಟರ್ ಅದ್ದಿ ಅಂಕಿ ಬರೆದುಕೊಳ್ಳಿ. 3ನೇ ಮತ್ತು 5ನೇ ಬಕೆಟ್ಟಿನ ಅಂಕಿ ಹತ್ತಿರ ಹತ್ತಿರ ಇರುವುದನ್ನು ಗಮನಿಸಿ. ಅದನ್ನು ಬೇಕೆಂದೇ ಹಾಗೆ ಇಟ್ಟಿದ್ದು. ಮೀಟರ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು, ಪ್ರಯೋಗಾಲಯದ ವರದಿಯಲ್ಲಿ ‘ಇಸಿ’ ಎಂದು ಬರೆಯುವುದೂ ಅದನ್ನೇ. ಕರಗಿದ್ದು ಸೋಡಿಯಮ್ಮೋ ಕ್ಯಾಲ್ಸಿಯಮ್ಮೋ ಎಂದು ಅದಕ್ಕೆ ತಿಳಿಯದು. 6ನೇ ಬಕೆಟ್ಟಿನಲ್ಲಿ ಅಷ್ಟು ಯೂರಿಯಾ ಇದ್ದರೂ ಮೀಟರ್ ಬಹುತೇಕ ಮಳೆ ನೀರಿನ ಅಂಕಿಯನ್ನೇ ತೋರಿಸುತ್ತದೆ, ಯಾಕೆಂದರೆ ಯೂರಿಯಾಗೆ ಚಾರ್ಜ್ ಇಲ್ಲ.

ಹಂತ 2: ನೆನೆಸುವುದು

ಪ್ರತಿ ಬಕೆಟ್ಟಿಗೆ ಸರಿಯಾಗಿ 1.00 ಗ್ರಾಂ ಜೆಲ್ ಹಾಕಿ. ಪೊಟ್ಟಣದ ತಳದ ಪುಡಿಯನ್ನು ಒಂದಕ್ಕೆ, ಮೇಲಿನ ದಪ್ಪ ಹರಳನ್ನು ಇನ್ನೊಂದಕ್ಕೆ ಹಾಕಬೇಡಿ. ಹರಳಿನ ಗಾತ್ರ ಎರಡು ಪಟ್ಟಾದರೆ ಉಬ್ಬಲು ಬೇಕಾದ ಸಮಯ ನಾಲ್ಕು ಪಟ್ಟಾಗುತ್ತದೆ. ಒಮ್ಮೆ ಕದಡಿ, ಮುಚ್ಚಿ, ರಾತ್ರಿಯಿಡೀ ಬಿಡಿ. ಅರ್ಧ ಗಂಟೆಗೆ ತೂಗಿ ‘ಉಬ್ಬಲೇ ಇಲ್ಲ’ ಎನ್ನುವವರು ಬಹಳ. ಮಳೆಗಾಲದ ಗಾಳಿಯಲ್ಲಿ ತೆರೆದಿಟ್ಟ ಪೊಟ್ಟಣದ ಜೆಲ್ ಮೊದಲೇ ತೇವ ಹೀರಿರುತ್ತದೆ, ಅಂಥದ್ದನ್ನು ತೂಗಿದರೆ ಒಂದು ಗ್ರಾಂನಲ್ಲಿ ಒಂದಿಷ್ಟು ನೀರೇ ಸೇರಿರುತ್ತದೆ.

ಹಂತ 3: ಸೋಸಿ ತೂಗುವುದು

ತಪ್ಪು ಹೆಚ್ಚು ನಡೆಯುವುದು ಇಲ್ಲಿ. ಬಟ್ಟೆಯನ್ನು ಒದ್ದೆ ಮಾಡಿ, ಹಿಂಡಿ, ತೂಗಿ ಬರೆದಿಟ್ಟುಕೊಳ್ಳಿ. ಜೆಲ್ಲನ್ನು ಅದರಲ್ಲಿ ಸೋಸಿ, ನಾಲ್ಕು ಮೂಲೆ ಹಿಡಿದು ಗಂಟು ಕಟ್ಟಿ 15 ನಿಮಿಷ ತೂಗುಹಾಕಿ. ಹಿಂಡಬಾರದು. ಹಿಂಡಿದರೆ ಹರಳು ಒಡೆದು ಬಟ್ಟೆಯ ಕಣ್ಣಲ್ಲಿ ಜಾರಿಹೋಗುತ್ತದೆ. ಬೇಗ ಇಳಿಸಿದರೆ ಹರಳುಗಳ ನಡುವೆ ನಿಂತ ನೀರೂ ಜೆಲ್‌ನ ಲೆಕ್ಕಕ್ಕೆ ಸೇರಿ ಅಂಕಿ ಏರುತ್ತದೆ. ಎಲ್ಲ ಬಕೆಟ್ಟಿಗೂ ಒಂದೇ ಸಮಯ ಕೊಡಿ. ಒಟ್ಟು ತೂಕದಿಂದ ಒದ್ದೆ ಬಟ್ಟೆಯ ತೂಕ ಮತ್ತು 1 ಗ್ರಾಂ ಕಳೆದರೆ ಉಳಿಯುವುದೇ ‘ಎಷ್ಟು ಪಟ್ಟು’.

ಒಳ್ಳೆಯ ಮಾಲಿಗೆ ಅಂದಾಜು ಇಷ್ಟು ನಿರೀಕ್ಷಿಸಬಹುದು: 1ನೇ ಬಕೆಟ್ 250ರಿಂದ 400, 3ನೆಯದು ಅದರ ಅರ್ಧದ ಆಸುಪಾಸು, 4ನೆಯದು 50–70, 6ನೆಯದು 1ನೆಯದರಷ್ಟೇ. 5ನೆಯದು ಮೀಟರಿನಲ್ಲಿ 3ನೆಯದರ ಜೊತೆಗಾರನಾದರೂ ತಕ್ಕಡಿಯಲ್ಲಿ ಅದರ ಹತ್ತಿರವೂ ಬರುವುದಿಲ್ಲ. ಕೈಗೆ ತೆಗೆದುಕೊಂಡು ನೋಡಿ: ಮಳೆ ನೀರಿನ ಹರಳು ಗಾಜಿನಂತೆ ತಿಳಿ, ಬೆರಳ ಮಧ್ಯೆ ಒತ್ತಿದರೆ ಒಡೆಯುವಷ್ಟು ಮೆದು. ಕ್ಯಾಲ್ಸಿಯಂ ಬಕೆಟ್ಟಿನದು ಸಣ್ಣಗೆ, ಮಂಕಾಗಿ, ರಬ್ಬರಿನಂತೆ ಗಟ್ಟಿ.

1ನೇ ಬಕೆಟ್ಟಿನಲ್ಲೇ 150 ದಾಟದಿದ್ದರೆ ಆಗ ಅಂಗಡಿಯವರನ್ನು ಕೇಳಿ. ಅಲ್ಲಿ ನೀರಿನ ತಪ್ಪಿಲ್ಲ.

ಹಂತ 4: ವಾಪಸು ಬರುತ್ತದೆಯೇ?

ಈ ಹಂತವನ್ನು ಬಿಡಬೇಡಿ. 4 ಮತ್ತು 5ನೇ ಬಕೆಟ್ಟಿನ ಜೆಲ್ಲನ್ನು ಬೇರೆ ಬೇರೆಯಾಗಿ ಹೊಸ ಮಳೆ ನೀರಿಗೆ ಹಾಕಿ. ಕೆಲವು ಗಂಟೆಗೊಮ್ಮೆ ನೀರು ಚೆಲ್ಲಿ ಹೊಸದು ತುಂಬಿ, ಹೀಗೆ ಮೂರು ಸಲ. ಉಪ್ಪಿನ ಜೆಲ್ ಗಾತ್ರ ಹೆಚ್ಚಿಸಿಕೊಳ್ಳುತ್ತಾ ಮೊದಲಿನ ಮಟ್ಟಕ್ಕೆ ಹತ್ತಿರವಾಗುತ್ತದೆ. ಕ್ಯಾಲ್ಸಿಯಂ ಜೆಲ್ ಅಲ್ಲೇ ಕುಳಿತಿರುತ್ತದೆ. ಎರಡು ತಟ್ಟೆಯಲ್ಲಿ ಅಕ್ಕಪಕ್ಕ ಇಟ್ಟು ನೋಡಿದವರಿಗೆ ಮುಂದಿನದನ್ನು ವಿವರಿಸುವ ಕೆಲಸ ಉಳಿಯುವುದಿಲ್ಲ.

ಹಂತ 5: ನಿಮ್ಮ ನೀರಿನ ತೀರ್ಮಾನ

2ನೇ ಬಕೆಟ್ಟಿನ ಅಂಕಿಯನ್ನು 1ನೆಯದರ ಜೊತೆ ಹೋಲಿಸಿ. ಅರ್ಧಕ್ಕಿಂತ ಹೆಚ್ಚಿದ್ದರೆ ಆ ನೀರಿನಲ್ಲೇ ನೆನೆಸಿ. ಅದಕ್ಕಿಂತ ಕಡಿಮೆಯಿದ್ದರೆ ನೆನೆಸುವುದಕ್ಕಾದರೂ ಮಳೆ ನೀರು ಹಿಡಿದಿಡಿ. ಕಾಲು ಭಾಗಕ್ಕಿಂತ ಕೆಳಗಿದ್ದರೆ, ಬೇಸಿಗೆಯಲ್ಲಿ ಅದೇ ನೀರು ಹಾಯಿಸುವವರಿಗೆ, ಜೆಲ್‌ಗೆ ದುಡ್ಡು ಹಾಕುವುದಕ್ಕಿಂತ ಸಸಿ ಬುಡಕ್ಕೆ ಒಣ ಎಲೆಯ ಮುಚ್ಚಿಗೆ ಕೊಡುವುದೇ ಮೇಲು.

ನೀರಿನ ಪರೀಕ್ಷಾ ವರದಿ ಇದ್ದರೆ ಅದರಲ್ಲಿ ‘ಗಡಸುತನ’ ನೋಡಿ. ಇದು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಒಟ್ಟು ಪ್ರಮಾಣ, ಕ್ಯಾಲ್ಸಿಯಂ ಕಾರ್ಬೋನೇಟ್ ಲೆಕ್ಕದಲ್ಲಿ. ಒಂದು ಗ್ರಾಂ ಜೆಲ್‌ನ ಎಲ್ಲ ಚಾರ್ಜುಗಳನ್ನು ಕಟ್ಟಿಹಾಕಲು ಸುಮಾರು 150 ಮಿಲಿಗ್ರಾಂ ಕ್ಯಾಲ್ಸಿಯಂ ಸಾಕು, ಗಡಸುತನದ ಲೆಕ್ಕದಲ್ಲಿ 375 ಮಿಲಿಗ್ರಾಂ. ನಿಮ್ಮ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಒಂದು ಗ್ರಾಂ ಜೆಲ್ಲನ್ನು ಕಾಲು ಲೀಟರ್ ನೀರಿನಲ್ಲಿ ನೆನೆಸಿದರೆ ಅದಕ್ಕೆ ಸಿಗುವುದು 50 ಮಿಲಿಗ್ರಾಂ, ನಷ್ಟ ಸಣ್ಣದು. ಅದೇ ಒಂದು ಗ್ರಾಂ ಎರಡು ಲೀಟರಿನಲ್ಲಿ ತೇಲುತ್ತಾ ರಾತ್ರಿ ಕಳೆದರೆ 400 ಮಿಲಿಗ್ರಾಂ, ಜೆಲ್ ಕತೆ ಮುಗಿಯಿತು. ಗಡಸು ನೀರಿದ್ದವರು ದೊಡ್ಡ ಡ್ರಮ್ಮಿನಲ್ಲಿ ಧಾರಾಳ ನೀರು ಹಾಕಿ ನೆನೆಸುವುದು ತಪ್ಪು. ಜೆಲ್ ಪೂರ್ತಿ ಹೀರಿಕೊಳ್ಳುವಷ್ಟೇ ನೀರು ಹಾಕಿ.

ಹಂತ 6: ಗುಂಡಿಗೆ ಹಾಕುವಾಗ

ಪ್ರಮಾಣಕ್ಕೆ ಪೊಟ್ಟಣದ ಸೂಚನೆಯನ್ನೇ ಅನುಸರಿಸಿ. ಉದಾಹರಣೆಗೆ ಗುಂಡಿಗೆ 5 ಗ್ರಾಂ ಎಂದರೆ, 300 ಪಟ್ಟು ಉಬ್ಬಿದಾಗ ಒಂದೂವರೆ ಲೀಟರ್ ನೀರು ನಿಲ್ಲುತ್ತದೆ. 120 ಪಟ್ಟಿಗೆ 600 ಮಿಲಿ. 40 ಪಟ್ಟಿಗೆ ಒಂದು ಲೋಟದಷ್ಟು. ಕಡಿಮೆ ಉಬ್ಬಿತೆಂದು ಜೆಲ್‌ನ ಪ್ರಮಾಣವನ್ನೇ ನಾಲ್ಕು ಪಟ್ಟು ಮಾಡುವವರಿದ್ದಾರೆ. ಹಾಗೆ ಮಾಡಿದರೆ ಮುಂದೊಂದು ದಿನ ಜೋರು ಮಳೆಗೆ ಎಲ್ಲವೂ ಒಟ್ಟಿಗೆ ಉಬ್ಬಿ ಸಸಿಯನ್ನು ಮೇಲಕ್ಕೆತ್ತುತ್ತದೆ.

ಒಂದೂವರೆ ಅಡಿ ಗುಂಡಿಯಾದರೆ ಬೇರು ಇಳಿಯುವ ಮಟ್ಟದ ಮಣ್ಣಿಗೆ ಜೆಲ್ಲನ್ನು ಚೆನ್ನಾಗಿ ಬೆರೆಸಿ. ಉಂಡೆಯಾಗಿ ತಳಕ್ಕೆ ಸುರಿಯಬೇಡಿ, ಜೆಲ್ ಒಣಗಿ ಕುಗ್ಗಿದಾಗ ಅಲ್ಲಿ ಪೊಳ್ಳಾಗಿ ಬೇರು ಗಾಳಿಯಲ್ಲಿ ನೇತಾಡುತ್ತದೆ. ಮೇಲ್ಮೈಯಲ್ಲೂ ಬೇಡ, ಬಿಸಿಲಿಗೆ ಪಾಲಿಮರ್ ಬೇಗ ಹಾಳಾಗುತ್ತದೆ. ಮಣ್ಣಿನ ಭಾರದಡಿ ಜೆಲ್ ಬಕೆಟ್ಟಿನಷ್ಟು ಉಬ್ಬುವುದೂ ಇಲ್ಲ.

ಭಾಗಮಂಡಲ, ನಾಪೋಕ್ಲು ಕಡೆ ಜೂನ್‌ನಲ್ಲಿ ನೆಡುವವರಿಗೆ ನೀರು ಹಿಡಿದಿಡುವ ಸಾಮಾನು ಆ ಹೊತ್ತಿಗೆ ಬೇಡವೇ ಬೇಡ, ನೀರು ಬಸಿದು ಹೋಗುವ ವ್ಯವಸ್ಥೆ ಬೇಕು. ಜೆಲ್ ಅರ್ಥಪೂರ್ಣವಾಗುವುದು ಮಳೆ ಇಳಿದ ಮೇಲೆ ಸೆಪ್ಟೆಂಬರ್‌ನಲ್ಲಿ ನೆಡುವವರಿಗೆ, ಕುಶಾಲನಗರ, ಶನಿವಾರಸಂತೆಯ ಒಣ ಭಾಗದವರಿಗೆ, ಡಿಸೆಂಬರ್‌ನಿಂದ ಹೂಮಳೆಯವರೆಗೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಸಸಿ ಉಳಿಸಿಕೊಳ್ಳಬೇಕಾದವರಿಗೆ.

ಹಂತ 7: ಜೆಲ್ ಇರುವ ಗುಂಡಿಗೆ ಗೊಬ್ಬರ, ಸುಣ್ಣ, ಮೈಲುತುತ್ತ

*ಯೂರಿಯಾ:* ನೆನೆಸುವ ನೀರಿಗೆ ಹಾಕಿದರೂ ಆಗಲೇ ತೊಂದರೆಯಿಲ್ಲ. ಮಣ್ಣಿನಲ್ಲಿ ಕೆಲವು ದಿನಗಳಲ್ಲಿ ಅದು ಅಮೋನಿಯಂ ಆಗಿ ಬದಲಾಗುತ್ತದೆ, ಆಗ ಉಳಿದ ಲವಣಗಳಂತೆಯೇ.

*ಪೊಟ್ಯಾಷ್, ಡಿಎಪಿ:* ನೆನೆಸುವ ಡ್ರಮ್ಮಿಗೆ ಬೇಡ. ಲೀಟರಿಗೆ 10 ಗ್ರಾಂ ಪೊಟ್ಯಾಷ್ ಕದಡಿದ ನೀರು 4ನೇ ಬಕೆಟ್ಟಿಗಿಂತಲೂ ಉಪ್ಪು. ‘ಗೊಬ್ಬರವನ್ನೂ ಜೆಲ್ ಹೀರಿಕೊಂಡು ನಿಧಾನಕ್ಕೆ ಬಿಡಲಿ’ ಎಂಬ ಆಸೆಯಿಂದ ಹೀಗೆ ಮಾಡುತ್ತಾರೆ. ಗೊಬ್ಬರ ಜೆಲ್ ಒಳಗೆ ಹೋಗುತ್ತದೆ, ನೀರಿಗೆ ಜಾಗ ಇರುವುದಿಲ್ಲ. ನೆಟ್ಟ ಮೇಲೆ, ಮಣ್ಣಿನಲ್ಲಿ ತೇವ ಇರುವಾಗ, ಬುಡದಿಂದ ಸ್ವಲ್ಪ ದೂರ ಉಂಗುರವಾಗಿ, ಕಂತು ಕಂತಾಗಿ ಕೊಡಿ. ಒಣಗಿದ ಮಣ್ಣಿಗೆ ಒಮ್ಮೆಲೇ ಕೊಟ್ಟರೆ ಕರಗಿದ ಉಪ್ಪು ಜೆಲ್ ಹತ್ತಿರ ಬಂದು ಅದರೊಳಗಿನ ನೀರನ್ನು ಹೊರಗೆಳೆಯುತ್ತದೆ. ಮುಂದಿನ ಒಳ್ಳೆ ಮಳೆಗೆ ಉಪ್ಪು ತೊಳೆದುಹೋದರೆ ಜೆಲ್ ಚೇತರಿಸಿಕೊಳ್ಳುತ್ತದೆ.

*ಗಂಜಲ, ಸಗಣಿ ಬಗ್ಗಡ, ಬೂದಿ ನೀರು:* ಸಾವಯವ ಎಂದ ಮಾತ್ರಕ್ಕೆ ಉಪ್ಪಿಲ್ಲವೆಂದಲ್ಲ. ಮೂರರಲ್ಲೂ ಪೊಟ್ಯಾಸಿಯಂ ಲವಣಗಳಿವೆ. ಇವುಗಳಲ್ಲಿ ಜೆಲ್ ನೆನೆಸಬೇಡಿ.

*ಸುಣ್ಣ:* ಇದು ನಿಜವಾದ ಇಕ್ಕಟ್ಟು. ಕೊಡಗಿನ ಕಾಫಿ ಮಣ್ಣು ಹುಳಿ. ಹುಳಿ ಹೆಚ್ಚಿದಷ್ಟೂ ಕಾರ್ಬಾಕ್ಸಿಲ್ ಗುಂಪುಗಳಿಗೆ ಹೈಡ್ರೋಜನ್ ಅಂಟಿ ಸರಪಳಿಯ ಚಾರ್ಜೇ ಇಳಿಯುತ್ತದೆ. ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 5ರ ಆಸುಪಾಸಿನಲ್ಲಿ ಇದು ಲೆಕ್ಕಕ್ಕೆ ತೆಗೆದುಕೊಳ್ಳುವಷ್ಟಿರುತ್ತದೆ. ಜೊತೆಗೆ ಹುಳಿ ಮಣ್ಣಿನಲ್ಲಿ ಕರಗುವ ಅಲ್ಯೂಮಿನಿಯಂಗೆ ಮೂರು ಪ್ಲಸ್, ಅದು ಕ್ಯಾಲ್ಸಿಯಂಗಿಂತ ಕೆಟ್ಟದ್ದು. ಹುಳಿ ತೆಗೆಯಲು ಸುಣ್ಣ ಹಾಕಿದರೆ ಕ್ಯಾಲ್ಸಿಯಂ ಬರುತ್ತದೆ. ಜೆಲ್‌ಗಾಗಿ ಸುಣ್ಣ ನಿಲ್ಲಿಸಬೇಡಿ, ಗಿಡಕ್ಕೆ ಬೇಕಾದದ್ದು ಸುಣ್ಣವೇ. ಮಣ್ಣು ಪರೀಕ್ಷೆ ಹೇಳಿದಷ್ಟು ಸುಣ್ಣವನ್ನು ನೆಡುವುದಕ್ಕೆ ಸಾಕಷ್ಟು ಮೊದಲೇ ಹಾಕಿ, ನಡುವೆ ಮಳೆ ಬೀಳಲಿ. ಸುಣ್ಣದ ಪುಡಿ ಮತ್ತು ಜೆಲ್ ಒಂದೇ ಹಿಡಿ ಮಣ್ಣಿನಲ್ಲಿ ಸೇರದಂತೆ ನೋಡಿ. ಇಷ್ಟೆಲ್ಲ ಮಾಡಿದರೂ ಮಣ್ಣಿನ ಕ್ಯಾಲ್ಸಿಯಂ ನಿಧಾನಕ್ಕೆ ಜೆಲ್ಲನ್ನು ಹುಡುಕಿಕೊಂಡು ಬರುತ್ತದೆ. ಅದಕ್ಕೇ ಜೆಲ್ಲನ್ನು ಮೊದಲ ಬೇಸಿಗೆ ದಾಟಿಸುವ ಸಾಮಾನೆಂದಷ್ಟೇ ನೋಡಬೇಕು, ಐದು ವರ್ಷದ ಆಸ್ತಿಯೆಂದಲ್ಲ.

*ಬೋರ್ಡೋ:* ಮೈಲುತುತ್ತ, ಸುಣ್ಣ ಕಲಸಿದ ಈ ದ್ರಾವಣವನ್ನು ಎಲೆಗೆ ಹೊಡೆದದ್ದರಿಂದ ಚಿಂತೆಯಿಲ್ಲ. ಆದರೆ ಮೈಲುತುತ್ತ ಸುಣ್ಣ ಕಲಸಿದ ಡ್ರಮ್ಮನ್ನೇ ತೊಳೆದು ಜೆಲ್ ನೆನೆಸಲು ಬಳಸಬೇಡಿ. ಅಂಚಿಗೆ ಮೆತ್ತಿದ ನೀಲಿ ಗಸಿಯಲ್ಲಿ ತಾಮ್ರ, ಕ್ಯಾಲ್ಸಿಯಂ ಎರಡೂ ಇರುತ್ತವೆ. ಕಾಳುಮೆಣಸಿನ ಬುಡಕ್ಕೆ ತಾಮ್ರದ ಔಷಧಿ ಸುರಿಯುವ ತೋಟಗಳಲ್ಲಿ ಬಳ್ಳಿಯ ಬುಡಕ್ಕೆ ಜೆಲ್ ಹಾಕುವುದೇ ವ್ಯರ್ಥ. ನೀರು ನಿಂತರೆ ಸೊರಗು ರೋಗಕ್ಕೆ ಹಾದಿಯಾಗುವ ಬೆಳೆ ಅದು, ಆ ಕಾರಣಕ್ಕೂ ಬೇಡ.

ಪರೀಕ್ಷೆ ಮುಗಿದ ಮೇಲೆ

ಉಬ್ಬಿದ ಜೆಲ್ಲನ್ನು ಬಚ್ಚಲಿಗೆ ಸುರಿಯಬೇಡಿ, ಪೈಪು ಕಟ್ಟುತ್ತದೆ. ಒಂದು ಹಿಡಿ ಪುಡಿ ಉಪ್ಪು ಉದುರಿಸಿ ಕದಡಿ. ಸ್ವಲ್ಪ ಹೊತ್ತಿನಲ್ಲಿ ನೀರು ಬಿಟ್ಟು ಕುಗ್ಗುತ್ತದೆ. ಸೋಸಿ ಒಣಗಿಸಿ ಕಸಕ್ಕೆ ಹಾಕಿ. ಆ ಉಪ್ಪು ನೀರನ್ನು ಗಿಡದ ಬುಡಕ್ಕೆ ಚೆಲ್ಲಬೇಡಿ. ಮಳೆ ನೀರಿನ ಮತ್ತು ಯೂರಿಯಾ ಬಕೆಟ್ಟಿನ ಜೆಲ್ಲನ್ನು ಮಾತ್ರ ನೇರವಾಗಿ ನರ್ಸರಿಯ ಮಣ್ಣಿಗೆ ಬೆರೆಸಬಹುದು. ಉಳಿದ ಒಣ ಜೆಲ್ಲನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು, ಮುಚ್ಚಳದ ಮೇಲೆ 1 ಮತ್ತು 2ನೇ ಬಕೆಟ್ಟಿನ ಅಂಕಿ ಬರೆದಿಡಿ.